ಕಟ್‌ಪೀಸ್ ಕತ್ತು ನಿಲ್ಲುವವರೆಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಮತ್ತೆ ಸೊನ್ನೆ.

ಹಾಲು ಕುಡಿದು ಅರ್ಧ ಗಂಟೆ ಕಳೆದ ಮೇಲೆ ಮಗಳನ್ನು ಬೋರಲು ಹಾಕಿದೆ. ಫಿಸಿಯೋ ಮೇಡಂ ಹೇಳಿದ ಹಾಗೆಯೇ. ಮುಖ ನೆಲಕ್ಕೆ. ಮೊಣಕೈ ಎರಡೂ ಪಕ್ಕಕ್ಕೆ. ಒಂದು ಸಲ 'ಉಸ್' ಎಂದಳು, ಆಮೇಲೆ ಸೂರು ಹಾರಿಹೋಗುವ ಹಾಗೆ ಕಿರುಚಿದಳು. ಮೂವತ್ತು ಎಣಿಸುವುದರೊಳಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

'ಅಳಿಯಂದ್ರೇ, ಇದೇನು ಮಗೂನೋ ನೆಲ ಒರೆಸೋ ಬಟ್ಟೇನೋ?'

ಎತ್ತಿಕೊಂಡು ಹೋದರು. ಹೋಗುವಾಗ ನನ್ನ ಕಡೆ ಒಂದು ನೋಟ. ಹೆಂಡತಿಯ ಅಮ್ಮ, ಮನೆಗೆ ಸಹಾಯಕ್ಕೆಂದು ಬಂದವರು. ಜಗಳ ಬೇಡ ಎಂದು ಪುಸ್ತಕ ತೆಗೆದೆ.

ತಲೆ ಎತ್ತಿದ್ದು: 0 ಸೆಕೆಂಡ್. ಬರೆದಿಡುತ್ತೇನೆ. ಇದು ಸೈಟಿನ ಅಳತೆ ಪುಸ್ತಕ. ಹಿಂದಿನ ಪುಟದಲ್ಲಿ ಯಾರದೋ ಬಾತ್‌ರೂಮಿನ ಉದ್ದಗಲ ಇದೆ. ಹದಿನೆಂಟು ವರ್ಷ ಮಂಡಿಯೂರಿ ಟೈಲ್ಸ್ ಹಾಕಿದವನು ನಾನು. ಎಡ ಮಂಡಿ ಕೈಕೊಟ್ಟಿತು. ಏಪ್ರಿಲ್ ಮಧ್ಯದವರೆಗೆ ಮಂಡಿ ಊರಬಾರದು ಎಂದಿದ್ದಾರೆ ಮೂಳೆ ಡಾಕ್ಟರು. ಹೊಟ್ಟೆ ಊರಬಾರದು ಎಂದಿಲ್ಲ. ಆದ್ದರಿಂದ ಸದ್ಯಕ್ಕೆ ಮಗಳ ಕೆಲಸ ನನ್ನದು.


ಮಾರ್ಚ್ 4, ಮಂಗಳವಾರ. ಸಂಜೆ

ಡ್ರೈವರಮ್ಮ ಡಿಪೋದಿಂದ ಒಂದು ಫಾರಂ ತಂದಳು. (ಹೆಂಡತಿ ಸಿಟಿ ಬಸ್ ಓಡಿಸುತ್ತಾಳೆ. ಎದುರಿಗೆ ಡ್ರೈವರಮ್ಮ ಎಂದರೆ ಹುಬ್ಬು ಗಂಟಿಕ್ಕುತ್ತಾಳೆ. ಇಲ್ಲಿ ಯಾರು ನೋಡುತ್ತಾರೆ.) ಏಪ್ರಿಲ್ ಹದಿನಾಲ್ಕರಿಂದ ಡಿಪೋದ ಶಿಶುಕೇಂದ್ರದಲ್ಲಿ ಒಂದು ಜಾಗ ಖಾಲಿ. ಕೆಳಗೆ ದಪ್ಪ ಅಕ್ಷರದಲ್ಲಿ: ಮಗುವಿನ ಕತ್ತು ನಿಂತಿರಬೇಕು. ಡಾಕ್ಟರು ಅಥವಾ ಫಿಸಿಯೋ ಪತ್ರ ಕಡ್ಡಾಯ.

ಪತ್ರ ಬೇಕೆಂದರೆ ಏಪ್ರಿಲ್ ಒಂಬತ್ತನೇ ತಾರೀಕಿನ ಚೆಕಪ್‌ನಲ್ಲಿ ಪಾಸಾಗಬೇಕು. ಪಾಸಾಗದಿದ್ದರೆ? ಅತ್ತೆ ಆಗಲೇ ಯೋಚಿಸಿಟ್ಟಿದ್ದಾರೆ.

'ಬರೋ ತಿಂಗಳು ಹತ್ತನೇ ತಾರೀಕು ನಾನು ಹೊರಡ್ಲೇಬೇಕು. ಜೆರಾಕ್ಸ್ ಅಂಗಡಿ ಎಷ್ಟು ದಿನ ಅಂತ ತಂಗಿ ಮೇಲೆ ಹಾಕಲಿ? ಮಗೂನ ನನ್ ಜೊತೆ ಕಳಿಸಿ. ಒಂದು ವರ್ಷ ಇಟ್ಕೊಂಡು ಗಟ್ಟಿ ಮಾಡಿ ಕಳಿಸ್ತೀನಿ.'

ಅತ್ತೆಯ ಊರಿಗೆ ಒಂದು ರಾತ್ರಿಯ ರೈಲು. ಒಂದು ವರ್ಷ ಎಂದರೆ ಮಗಳು ನನ್ನನ್ನು ನೋಡಿ 'ಯಾರಿದು?' ಎಂದು ಅಳುವಷ್ಟು ದೊಡ್ಡವಳಾಗಿರುತ್ತಾಳೆ.

ಡ್ರೈವರಮ್ಮ ಶೂ ಬಿಚ್ಚುತ್ತಾ ಕೂತಿದ್ದಳು. ಅವಳು ಬೇಡ ಎನ್ನಲಿಲ್ಲ ಎಂದರೆ ಅರ್ಧ ಒಪ್ಪಿದ ಹಾಗೆ.

ನಾನು ಹೇಳಿದೆ, 'ಹತ್ತನೇ ತಾರೀಕಿಗೆ ಟಿಕೆಟ್ ಒಂದೇ ತೆಗೆಸಿ, ಅತ್ತೆ.'

'ನೋಡೋಣ' ಎಂದರು.

ನೋಡೋಣ. ನಾನೂ ನೋಡೇಬಿಡುತ್ತೇನೆ.


ಮಾರ್ಚ್ 7, ಶುಕ್ರವಾರ

0. 0. 0. 1 (ಬಿಕ್ಕಳಿಕೆ ಬಂತು, ತಲೆ ಕುಪ್ಪಳಿಸಿತು. ಲೆಕ್ಕಕ್ಕಿಲ್ಲ.)

ಏಳು ವಾರ ಮೊದಲೇ ಹುಟ್ಟಿದವಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ ದಿನವೇ ಬಾಯಿಂದ ಬಂದುಬಿಟ್ಟಿತ್ತು, 'ಫುಲ್ ಸೈಜ್ ಅಲ್ಲ ಇದು, ಕಟ್‌ಪೀಸ್.' ಅತ್ತೆಗೆ ಇವತ್ತಿಗೂ ಸಿಟ್ಟು. 'ಮಗೂಗೆ ಕರೆಯೋ ಹೆಸರಾ ಅದು?' ಅವರಿಗೇನು ಗೊತ್ತು. ದೊಡ್ಡ ಟೈಲನ್ನು ಯಾರು ಬೇಕಾದರೂ ಕೂರಿಸುತ್ತಾರೆ. ಮೂಲೆಯ ಕಟ್‌ಪೀಸ್ ಕೂರಿಸುವವನೇ ಮೇಸ್ತ್ರಿ.

ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ, ಹುಟ್ಟಬೇಕಿದ್ದ ದಿನದಿಂದ ಹಾಕಿ ಎಂದಿದ್ದಾರೆ ಮೇಡಂ. ಹಾಗೆ ನೋಡಿದರೂ ಮೂರು ತಿಂಗಳಾಯಿತು. ಕತ್ತು ಮಾತ್ರ ಹಸಿ ಸಿಮೆಂಟಿನ ಹಾಗೆ ಎತ್ತ ಬೇಕೋ ಅತ್ತ ವಾಲುತ್ತದೆ. ಒಂದೇ ಮಗ್ಗುಲಿಗೆ ಮಲಗಿ ಮಲಗಿ ತಲೆಯ ಬಲಗಡೆ ಚಪ್ಪಟೆ. ಅಂಗೈ ಆಡಿಸಿದರೆ ತಿಳಿಯುತ್ತದೆ. ಎರಡು ಎಂ.ಎಂ. ಇಳಿದಿದೆ. ಬೇರೆಯವರಿಗೆ ಕಾಣುವುದಿಲ್ಲ, ನನ್ನ ಕೈಗೆ ಕಾಣುತ್ತದೆ.

ಮೇಡಂ ಹೇಳಿದ್ದು: ಹಾಸಿಗೆ ಬೇಡ, ಮುಖ ಹುದುಗುತ್ತದೆ. ಗಟ್ಟಿ ಜಾಗ ಬೇಕು, ಒಂದು ಚಾಪೆಯೋ ಮ್ಯಾಟೋ ಹಾಸಿ. ಚಾಪೆ! ನನ್ನ ಹಾಲಿನ ನೆಲಕ್ಕೆ! ದೊಡ್ಡ ಹೋಟೆಲ್ಲಿನ ಲಾಬಿ ಮಾಡಿ ಉಳಿದ ಟೈಲ್ಸ್ ಇದು. ಓನರ್ ಖುಷಿಯಿಂದ ಕೊಟ್ಟದ್ದು. ಬಗ್ಗಿದರೆ ಮುಖ ಕಾಣುತ್ತದೆ. ರಸಮಟ್ಟ ಎಲ್ಲಿ ಇಟ್ಟರೂ ಗುಳ್ಳೆ ನಡುವೆ ನಿಲ್ಲುತ್ತದೆ, ಒಂದು ಕೂದಲಿನಷ್ಟೂ ಏರುಪೇರಿಲ್ಲ. ಇಂಥ ನೆಲ ಯಾವ ಆಸ್ಪತ್ರೆಯಲ್ಲಿದೆ ತೋರಿಸಲಿ. ಒಂದು ತೆಳುವಾದ ಬಟ್ಟೆ ಹಾಸುತ್ತೇನೆ, ತಣ್ಣಗಾಗದಿರಲಿ ಎಂದು. ಅಷ್ಟು ಸಾಕು. ಅಪ್ಪ ಹಾಕಿದ ನೆಲದ ಮೇಲೆ ಮಗಳು ತಲೆ ಎತ್ತಲಿ.


ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 12

ಕಂಟ್ರಾಕ್ಟರ್ ಫೋನು.

'ಏನಪ್ಪಾ ಮೇಸ್ತ್ರಿ, ಬಾಣಂತನ ಮುಗೀತಾ?'

ಹಿಂದೆ ಯಾರೋ ನಗುತ್ತಿದ್ದರು. ಸ್ಪೀಕರ್‌ನಲ್ಲಿ ಇಟ್ಟಿದ್ದ, ಮಹಾನುಭಾವ.

'ಮುಗಿದಿಲ್ಲ ಅಣ್ಣ. ನಾಲ್ಕನೇ ಮಹಡಿ ಬಾತ್‌ರೂಮ್ ಸೋರ್ತಿತ್ತಲ್ಲ, ಅದು ಮುಗೀತಾ?'

ನಗು ನಿಂತಿತು. ಆ ಬಾತ್‌ರೂಮು ಮಾಡಿದ್ದು ಅವನ ಭಾಮೈದ.

ಇವತ್ತು: 0, 0, 0, 0, 1. ಅತ್ತೆ ಎತ್ತಿಕೊಂಡು ಹೋದದ್ದು: ಐದಕ್ಕೆ ಐದು ಸಲ. ನಾನು ಹಾಕುವುದು, ಅವರು ಎತ್ತುವುದು. ಆಮೇಲೆ ಮಗು ಮಲಗಿದರೂ ನೆಮ್ಮದಿ ಇಲ್ಲ, ಗಂಟೆಗೊಂದು ಸಲ ಬಂದು ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಾರೆ. ಎಲ್ಲಿ ನಾನು ನಿದ್ದೆಯಲ್ಲೇ ಕತ್ತು ಹಿಸುಕಿದೆನೋ ಎನ್ನುವ ಹಾಗೆ. ಮೈ ಉರಿಯುತ್ತದೆ.


ಮಾರ್ಚ್ 13, ಗುರುವಾರ

ಮೇಡಂಗೆ ಫೋನ್ ಮಾಡಿದೆ. ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಒಂದೇ ಸಲ ಹತ್ತು ನಿಮಿಷ ಹಾಕಿದ್ದೆ ಎಂದೆ. ಬೈಸಿಕೊಂಡೆ.

'ಏನ್ರೀ, ಅವಳೇನು ಓವರ್‌ಟೈಮ್ ಮಾಡ್ತಾಳಾ? ಒಂದು ನಿಮಿಷ, ಎರಡು ನಿಮಿಷ ಸಾಕು. ದಿನಕ್ಕೆ ತುಂಬ ಸಲ ಹಾಕಿ. ಅತ್ತರೆ ನಿಲ್ಸಿ. ನಿಮ್ಮ ಎದೆ ಮೇಲೂ ಹಾಕ್ಕೊಳ್ಳಿ. ಇನ್ನೊಂದು ಸಲ ಹೇಳ್ತೀನಿ, ನಿದ್ದೆಗೆ ಅಂಗಾತ, ಎಚ್ಚರಕ್ಕೆ ಬೋರಲು. ಬೋರಲು ಇದ್ದಾಗ ಕಣ್ಣು ಅವಳ ಮೇಲಿಂದ ತೆಗೀಬಾರದು.'

ಎದೆ ಮೇಲೆ ಹಾಕಿಕೊಂಡೆ. ನನ್ನ ಹಳೇ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಹಣೆ ಉಜ್ಜಿ, ಉಜ್ಜಿ... ಎತ್ತಿದಳು! ಗದ್ದ ಎರಡು ಬೆರಳು ಮೇಲೆ. ನನ್ನ ಮುಖ ನೋಡಿದಳು. ಏನೂ ವಿಶೇಷ ಇಲ್ಲ ಅನ್ನಿಸಿರಬೇಕು, ಮತ್ತೆ ಮಲಗಿದಳು. 3 ಸೆಕೆಂಡ್!

ಕೂಡಲೇ ನೆಲಕ್ಕೆ ಹಾಕಿದೆ. 0.

ಎದೆಯ ಮೇಲೆ ಆಗುವುದು ನೆಲದ ಮೇಲೆ ಯಾಕಾಗುವುದಿಲ್ಲ? ಹಟಮಾರಿ. ಅಮ್ಮನ ಹಾಗೇ.


ಮಾರ್ಚ್ 18, ಮಂಗಳವಾರ. ಸಂಜೆ 7

ಆಡಬಾರದ್ದು ಆಡಿಬಿಟ್ಟೆ.

ಡ್ರೈವರಮ್ಮ ಬಾಗಿಲು ತೆಗೆಯುವ ಹೊತ್ತಿಗೆ ಮಗು ನೆಲದ ಮೇಲೆ ಅಳುತ್ತಿತ್ತು. ಅತ್ತೆ ಎತ್ತಿಕೊಳ್ಳಲು ಬಂದರು. ನಾನು ಅಡ್ಡ ನಿಂತೆ.

'ಇನ್ನು ಹತ್ತು ಸೆಕೆಂಡು.'

'ಬಿಡಿ ದಾರಿ. ಅದಕ್ಕೆ ಉಸಿರು ಕಟ್ತಿದೆ.'

'ಉಸಿರು ಕಟ್ಟಿದ್ರೆ ಇಷ್ಟು ಜೋರಾಗಿ ಅಳ್ತಾಳಾ ಅತ್ತೆ? ನೀವು ಹೀಗೆ ಹೊತ್ತುಹೊತ್ತಿಗೂ ಎತ್ತಿ ಎತ್ತಿನೇ ಅವಳ ತಲೆ ಚಪ್ಪಟೆ ಆಗಿದ್ದು, ಕತ್ತು ನಿಲ್ಲದೇ ಇರೋದು. ಮಗೂನ ಹಾಳು ಮಾಡ್ತಿರೋರು ನೀವು.'

ಅತ್ತೆ ಮಾತಿಗೆ ಮಾತು ಕೊಡುವ ಹೆಂಗಸು, ಸೀದಾ ಒಳಗೆ ಹೋದರು.

ಡ್ರೈವರಮ್ಮ ಬ್ಯಾಗನ್ನೂ ಇಳಿಸದೆ ಮಗುವನ್ನು ಎತ್ತಿಕೊಂಡಳು. 'ಬೆಳಿಗ್ಗೆಯಿಂದ ಹಾರ್ನು, ಬೈಗಳ ಕೇಳ್ಕೊಂಡು ಬಂದಿದ್ದೀನಿ. ಮನೇಲೂ ಅದೇನಾ?' ಎಂದಳು. ಮಗುವಿನ ಬೆನ್ನು ತಟ್ಟುತ್ತಾ, ನಿಧಾನಕ್ಕೆ, 'ಕತ್ತು ನಿಲ್ಲದಿದ್ರೆ ಏನ್ರೀ ಮಾಡೋದು? ಬರೀ ತಡ ಅಲ್ದೆ ಬೇರೇನಾದ್ರೂ ಇದ್ರೆ?'

'ನಿಲ್ಲತ್ತೆ.'

'ಹೇಗೆ ಹೇಳ್ತೀರ?'

ಹೇಗೆ ಹೇಳುತ್ತೇನೆ? ಗೊತ್ತಿಲ್ಲ. ಸುಮ್ಮನೆ ಹೇಳುತ್ತೇನೆ. ಒಬ್ಬನಾದರೂ ಹೇಳಬೇಕಲ್ಲ.


ಮಾರ್ಚ್ 20, ಗುರುವಾರ. ಮಧ್ಯಾಹ್ನ 3

ಕತ್ತೆ ನಾನು. ಶುದ್ಧ ಕತ್ತೆ.

ಮೊನ್ನೆಯಿಂದ ಅತ್ತೆ ಅಡ್ಡ ಬರುತ್ತಿಲ್ಲ. ನಾನು ಮಗುವನ್ನು ಬೋರಲು ಹಾಕಿದ ಕೂಡಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಹಾಗಾಗಿ ಇವತ್ತು ಎತ್ತುವವರಿಲ್ಲ. ನಾನೂ ಅವಳ ಎದುರಿಗೆ ಬೋರಲು ಮಲಗಿದೆ, ಮೂಗಿಗೆ ಮೂಗು. ಮೇಲಿನಿಂದ ನೋಡುವುದು ಬೇರೆ, ನೆಲದ ಮಟ್ಟದಿಂದ ನೋಡುವುದೇ ಬೇರೆ. ಪಾಪ, ಎಷ್ಟು ಪ್ರಯತ್ನ ಪಡುತ್ತಾಳೆ! ಮೊಣಕೈ ಊರುತ್ತಾಳೆ, ಹೆಗಲು ಏಳುತ್ತದೆ, ಇನ್ನೇನು ತಲೆ ಬರಬೇಕು... ಅಷ್ಟರಲ್ಲಿ ಬಟ್ಟೆ ಸಮೇತ ಮೊಣಕೈ ಸರ್ರನೆ ಪಕ್ಕಕ್ಕೆ. ಮುಖ ನೆಲಕ್ಕೆ. ಅಳು.

ನಾನೂ ಮೊಣಕೈ ಊರಿ ಏಳಲು ನೋಡಿದೆ. ನನ್ನದೂ ಜಾರಿತು. ಗದ್ದ ಬಡಿಯಿತು.

ಜಾರುತ್ತಿದೆ! ಮೂರು ವಾರದಿಂದ ಮಗು ಜಾರುತ್ತಿದೆ! ಹದಿನೆಂಟು ವರ್ಷದಿಂದ ಒಂದೊಂದು ಮನೆಯಲ್ಲೂ ನಾನೇ ಹೇಳಿದ್ದೇನೆ, 'ಹೊಳೆಯೋದು ಬೇಡಮ್ಮ, ಜಾರ್ತೀರ, ಒರಟಿರೋದು ಹಾಕಿಸ್ಕೊಳ್ಳಿ' ಎಂದು. ದೀಪದ ಬುಡದಲ್ಲೇ ಕತ್ತಲು. ಮೇಡಂ ಚಾಪೆ ಎಂದಿದ್ದರು. ಚಾಪೆ ಹಾಸಿದರೆ ನನ್ನ ನೆಲದ ಮರ್ಯಾದೆ ಹೋಗುತ್ತಿತ್ತಲ್ಲ.

ಹಟಮಾರಿ ಮಗಳಲ್ಲ. ನಾನು.

ಅಟ್ಟದ ಮೇಲೆ ನನ್ನ ಸಾಮಾನು ಪೆಟ್ಟಿಗೆ. ಅದರಲ್ಲಿ ಹೊಸ ಮಂಡಿ ಮ್ಯಾಟು. ಕೆಲಸಕ್ಕೆ ಕೂರುವಾಗ ಮಂಡಿಯ ಕೆಳಗೆ ಹಾಕಿಕೊಳ್ಳುವ ಕಪ್ಪು ಮ್ಯಾಟು, ದಪ್ಪ, ಹಿಡಿತ ಇರುವಂಥದ್ದು. ಮಂಡಿ ಕೈಕೊಟ್ಟ ವಾರವೇ ಕೊಂಡದ್ದು, ಕವರು ಕೂಡ ಬಿಚ್ಚಿರಲಿಲ್ಲ. ತೊಳೆದೆ, ಬಿಸಿಲಿಗೆ ಒಣಗಿಸಿದೆ, ಮತ್ತೆ ತೊಳೆದು ಒರೆಸಿದೆ. ಮೇಲೆ ಬಟ್ಟೆ ಹಾಸದೆ ಮಗಳನ್ನು ಬೋರಲು ಹಾಕಿದೆ.

ಮೊಣಕೈ ಊರಿದಳು. ನಿಂತಿತು. ತಲೆ ಬಂತು. ಅದುರುತ್ತಾ, ಕೆಂಪಗಾಗಿ, ಸುತ್ತ ಒಂದು ಸಲ ನೋಡಿ, ನನ್ನ ಮುಖಕ್ಕೆ ಜೊಲ್ಲು ಸುರಿಸಿದಳು.

5 ಸೆಕೆಂಡ್. ನೆಲದ ಮೇಲೆ. ಐದು!

ಬಾಗಿಲ ಕಡೆ ತಿರುಗಿ ಕೂಗಿದೆ, 'ಅತ್ತೇ! ಬನ್ನಿ! ತಲೆ ಎತ್ತಿದ್ಲು!' ಅವರು ಬರಲಿಲ್ಲ. ಮೆಟ್ಟಿಲ ಮೇಲಿಂದಲೇ 'ಆಯ್ತು, ಎತ್ಕೊಳ್ಳಿ ಸಾಕು' ಎಂದರು. ದನಿ ಯಾಕೋ ಸರಿ ಇರಲಿಲ್ಲ.


ಮಾರ್ಚ್ 24, ಸೋಮವಾರ. ರಾತ್ರಿ 9.30

9 ಸೆಕೆಂಡ್. 11. 8.

ಇದನ್ನು ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಮಧ್ಯಾಹ್ನ ಮಗು ಮಲಗಿತ್ತು. ಅತ್ತೆ ಅದರ ಬಟ್ಟೆ ಮಡಚುತ್ತಿದ್ದರು. ಮಡಚುವಾಗ ಅಂಚಿಗೆ ಅಂಚು ಕೂಡಿಸುತ್ತಾರೆ, ನಾನು ಟೈಲ್ ಕೂಡಿಸುವ ಹಾಗೆ. ಎದ್ದು ಹೋಗಿ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಬಂದು ಮತ್ತೆ ಕೂತರು. ನಾನು ಏನೋ ಅಂದೆ, ತಮಾಷೆಗೆ.

ಆಗ ಹೇಳಿದರು. ತಲೆ ಎತ್ತದೆ.

'ನನ್ನ ಮೊದಲನೇದು ಗಂಡು. ಮೂರು ತಿಂಗಳು. ಬೋರಲು ಹಾಕಿದ್ರೆ ಚೆನ್ನಾಗಿ ನಿದ್ದೆ ಮಾಡ್ತಿತ್ತು. ಆಗ ಎಲ್ರೂ ಹಾಗೇ ಮಲಗಿಸ್ತಿದ್ರು, ಯಾರೂ ಬೇಡ ಅಂತಿರಲಿಲ್ಲ. ಬಟ್ಟೆ ಒಗೆದು ಬಂದು ನೋಡಿದ್ರೆ... ಏಳಲಿಲ್ಲ.'

ಇನ್ನೊಂದು ಬಟ್ಟೆ ಮಡಚಿದರು.

'ನಾನೇ ಮಲಗಿಸಿದ್ದು. ಈ ಕೈಯಲ್ಲೇ.'

ಮಗೂನ ಹಾಳು ಮಾಡ್ತಿರೋರು ನೀವು ಎಂದಿದ್ದೆನಲ್ಲ, ಈ ಬಾಯಿಗೆ ಸಿಮೆಂಟು ತುಂಬಬೇಕು.

'ಅತ್ತೆ, ಅದು ನಿದ್ದೆಯಲ್ಲಿ. ನಾವು ನಿದ್ದೆಗೆ ಯಾವತ್ತೂ ಅಂಗಾತಾನೇ ಮಲಗಿಸೋದು. ಬೋರಲು ಹಾಕೋದು ಎಚ್ಚರ ಇದ್ದಾಗ ಮಾತ್ರ, ಅದೂ ಕಣ್ಣೆದುರಿಗೆ.'

'ಗೊತ್ತು. ಅವತ್ತು ಮೇಡಂ ಹೇಳ್ವಾಗ ನಾನೂ ಕೇಳಿಸ್ಕೊಂಡೆ. ತಲೆಗೆ ಗೊತ್ತು ಅಳಿಯಂದ್ರೇ. ಕೈಗೆ ಗೊತ್ತಾಗ್ತಿಲ್ಲ.'

ಸಂಜೆ ಡ್ರೈವರಮ್ಮನಿಗೆ ಹೇಳಿದೆ. ಒಂದು ಮಗು ಹೋಗಿತ್ತು ಎಂದಷ್ಟೇ ಅವಳಿಗೆ ಗೊತ್ತಿತ್ತು. ಹೇಗೆ ಎಂದು ಗೊತ್ತಿರಲಿಲ್ಲ. ಅಮ್ಮನ ಕೋಣೆಗೆ ಹೋಗಿ ತುಂಬ ಹೊತ್ತು ಕೂತಿದ್ದಳು.

ಆದರೂ ಬಿಡುವುದಿಲ್ಲ. ಇದನ್ನೂ ಬರೆದಿಡುತ್ತೇನೆ. ಅತ್ತೆಯ ಸಂಕಟ ದೊಡ್ಡದು, ಒಪ್ಪುತ್ತೇನೆ. ಆದರೆ ನನ್ನ ಮಗಳು ಒಂದು ವರ್ಷ ಬೇರೆ ಊರಿನಲ್ಲಿ ಅಂಗಾತವೇ ಬಿದ್ದಿರುವುದಕ್ಕೆ ಅದು ಕಾರಣ ಆಗಕೂಡದು. ನಾಳೆಯಿಂದ ಒಂದು ಬದಲಾವಣೆ. ಬೋರಲು ಹಾಕುವ ಮೊದಲು ಗಟ್ಟಿಯಾಗಿ ಹೇಳುತ್ತೇನೆ, ಎಚ್ಚರ ಇದ್ದಾಳೆ ಎಂದು. ಮೆಟ್ಟಿಲವರೆಗೆ ಕೇಳುವ ಹಾಗೆ.


ಏಪ್ರಿಲ್ 2, ಬುಧವಾರ

21. 26. 19. 30!

'ಅತ್ತೆ, ಎಚ್ಚರ ಇದ್ದಾಳೆ!' 'ಆಯ್ತು!' ದಿನಕ್ಕೆ ಹತ್ತು ಸಲ. ಪಕ್ಕದ ಮನೆಯಾಕೆ ಕೇಳಿದರಂತೆ, ನಿಮ್ಮನೇಲಿ ಯಾರಿಗಾದ್ರೂ ಕಣ್ಣು ಕಾಣಲ್ವಾ ಎಂದು.

ಡ್ರೈವರಮ್ಮನ ರಜಾದಿನ. ಮ್ಯಾಟಿನ ಪಕ್ಕ ಅಂಗಾತ ಮಲಗಿ, ತಲೆಕೆಳಗಾಗಿ ಮಗಳನ್ನು ನೋಡುತ್ತಿದ್ದಳು. ಮಗಳು ಮೂವತ್ತು ಸೆಕೆಂಡು ಅವಳನ್ನು ದಿಟ್ಟಿಸಿ ನೋಡಿದಳು, ಟಿಕೆಟ್ ಇಲ್ಲದೆ ಹತ್ತಿದವರನ್ನು ಕಂಡಕ್ಟರ್ ನೋಡುವ ಹಾಗೆ.

'ಮೇಸ್ತ್ರಿಗಳೇ' ಎಂದಳು. ತಮಾಷೆ ಇದ್ದಾಗ ಮಾತ್ರ ಹಾಗೆ ಕರೆಯುತ್ತಾಳೆ. 'ನಿಮ್ಮ ಹೊಳೆಯೋ ನೆಲ ಕಾಣಿಸ್ತಾನೇ ಇಲ್ಲವಲ್ಲ.'

ಹಾಲಿನ ತುಂಬ ಮ್ಯಾಟು. ಹಳೆಯದನ್ನೂ ಉಜ್ಜಿ ತೊಳೆದು ಸುತ್ತ ಹಾಸಿದ್ದೇನೆ, ಮಗು ಹೊಸದರ ಮೇಲೆ ಮಾತ್ರ. ಕಾಣದಿದ್ದರೆ ಬೇಡ. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ.

ಅತ್ತೆ ಇನ್ನೂ ಒಂದು ಸಲವೂ ನೋಡಿಲ್ಲ. ಎಲ್ಲ ಮೆಟ್ಟಿಲಿನಿಂದಲೇ.


ಏಪ್ರಿಲ್ 9, ಬುಧವಾರ. ಮಧ್ಯಾಹ್ನ 2

ಫೇಲು.

ಹತ್ತು ಗಂಟೆಗೆ ಕರೆದಿದ್ದರು. ಒಳಗೆ ಬಿಟ್ಟಾಗ ಹನ್ನೊಂದೂ ಮುಕ್ಕಾಲು. ಅವಳ ನಿದ್ದೆಯ ಹೊತ್ತು. ರೆಕ್ಸಿನ್ ಹಾಸಿನ ಮಂಚ, ಮೇಲೆ ತೆಳುವಾದ ಕಾಗದ. ನೋಡಿದ ಕೂಡಲೇ ಗೊತ್ತಾಯಿತು, ಜಾರುತ್ತದೆ. ಹೇಳುವುದರೊಳಗೆ ಮೇಡಂ ಬೋರಲು ಹಾಕಿಬಿಟ್ಟರು. ಕಾಗದ ಸರಿಯಿತು, ಮೊಣಕೈ ಸರಿಯಿತು, ಮುಖ ಕೆಳಗೆ. ಅತ್ತಳು. ಅಂಥ ಅಳು ಮೂರು ವಾರದಿಂದ ಕೇಳಿರಲಿಲ್ಲ.

ಮ್ಯಾಟು ತಂದಿದ್ದೆ, ಚೀಲದಲ್ಲಿತ್ತು. ಆಸ್ಪತ್ರೆಯ ನೆಲದ ಮೇಲೆ ಹಾಸಿ ನಾನೂ ಎದುರಿಗೆ ಮಲಗಿದೆ. ಬಾಗಿಲಲ್ಲಿ ನಿಂತಿದ್ದವರು ನೋಡುತ್ತಿದ್ದರು, ನೋಡಲಿ. ಆದರೆ ಅಷ್ಟು ಹೊತ್ತಿಗೆ ಅವಳು ಅತ್ತು ಅತ್ತು ಸುಸ್ತಾಗಿದ್ದಳು. ಒಂದು ಸಲ ಎತ್ತಿದಳು, ನಾಲ್ಕು ಸೆಕೆಂಡು, ಕೆನ್ನೆ ಇಟ್ಟು ಕಣ್ಣು ಮುಚ್ಚಿದಳು. ತಕ್ಷಣ ಅಂಗಾತ ಮಾಡಿದೆ.

'ಮೇಡಂ, ಮನೇಲಿ ನಲವತ್ತು ಸೆಕೆಂಡ್ ಎತ್ತುತ್ತಾಳೆ. ಬರೆದಿಟ್ಟಿದ್ದೀನಿ, ನೋಡಿ.' ಈ ಪುಸ್ತಕವನ್ನೇ ತೋರಿಸಿದೆ. ಬಾತ್‌ರೂಮಿನ ಅಳತೆ ಸಮೇತ.

ಮೇಡಂ ಪುಟ ತಿರುವಿದರು. ನಕ್ಕರು, ಕೆಟ್ಟ ನಗು ಅಲ್ಲ. 'ನಿಮ್ಮನ್ನ ನಂಬ್ತೀನಿ. ಆದ್ರೆ ನಾನು ನೋಡಿಲ್ಲದ್ದನ್ನ ಹೇಗೆ ಬರೆದುಕೊಡಲಿ?'

ಅದಕ್ಕೆ ಎದುರಾಡಲಿಲ್ಲ. ನಾನೂ ಬೇರೆಯವರ ಬಾಯಿಮಾತಿನ ಅಳತೆಗೆ ಟೈಲ್ ಕತ್ತರಿಸುವುದಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಕೂತೇ ಇದ್ದೆ. ಮುಂದಿನವರನ್ನು ಕರೆದರು. ಆಗಲೂ ಕೂತಿದ್ದೆ.

ಕೊನೆಗೆ ಅವರೇ, 'ಸರಿ ಮಾರಾಯ್ರೇ. ವಿಡಿಯೋ ಕಳಿಸಿ. ಪೂರ್ತಿ ಒಂದು ನಿಮಿಷ, ಮಧ್ಯೆ ನಿಲ್ಲಿಸಬಾರದು, ಮೊಣಕೈ ಮುಖ ಎರಡೂ ಕಾಣಬೇಕು. ನಾಳೆ ಒಂದು ಗಂಟೆ ಒಳಗೆ. ಆಮೇಲೆ ನಾನು ಎರಡು ವಾರ ರಜೆ.'

ಒಂದು ನಿಮಿಷ. ಅವಳ ದಾಖಲೆ 44.

ಮನೆಗೆ ಬಂದರೆ ಅತ್ತೆ ಎರಡು ಬ್ಯಾಗು ತೆಗೆದಿಟ್ಟಿದ್ದಾರೆ. ದೊಡ್ಡದು ಅವರದು. ಚಿಕ್ಕದು... ಅದರ ಜಿಪ್ಪು ಇನ್ನೂ ಹಾಕಿಲ್ಲ.


ಏಪ್ರಿಲ್ 10, ಗುರುವಾರ. ಬೆಳಿಗ್ಗೆ 10.50

ಡ್ರೈವರಮ್ಮ ನಾಲ್ಕು ಗಂಟೆಗೆ ಬರುತ್ತಾಳೆ. ಆರಕ್ಕೆ ರೈಲು. ಟಿಕೆಟ್ ತೆಗೆಸುವಾಗ ಅತ್ತೆ ಕೈಗೂಸಿನ ಹೆಸರನ್ನೂ ಸೇರಿಸಿದ್ದಾರೆ.

ವಿಡಿಯೋದಲ್ಲಿ ಚೆನ್ನಾಗಿ ಕಾಣಲಿ ಎಂದು ಸುತ್ತಲಿನ ಹಳೇ ಮ್ಯಾಟು ತೆಗೆದೆ, ಹೊಸದು ಮಾತ್ರ ಇದೆ.

ಒಂದನೇ ಸಲ: 37. ಫೋನನ್ನು ನೀರಿನ ಬಾಟಲಿಗೆ ಆನಿಸಿದ್ದೆ, ಜಾರಿ ಬಿತ್ತು. ಮಗು ಫೋನಿನ ಕಡೆ ತಿರುಗಿತು.

ಎರಡನೇ ಸಲ: 41. ಎದುರಿಗೆ ಮಲಗಿ ಒಂದು ಕೈಯಲ್ಲಿ ಫೋನು ಹಿಡಿದೆ. ನನ್ನ ಮುಖಕ್ಕೆ ಫೋನು ಅಡ್ಡ. ನೋಡಲು ಏನೂ ಇಲ್ಲದ ಮೇಲೆ ಅವಳು ಯಾಕೆ ತಲೆ ಎತ್ತಿಕೊಂಡಿರಬೇಕು?

ಒಬ್ಬರು ಫೋನು ಹಿಡಿಯಬೇಕು, ಒಬ್ಬರು ಮುಖ ತೋರಿಸಬೇಕು. ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬರು ಮೆಟ್ಟಿಲ ಮೇಲೆ.

ಈಗ ಅತ್ತೆ ಒಳಗೆ ಬಂದು ಬಾಟಲಿ ಹಾಲು ಕುಡಿಸುತ್ತಿದ್ದಾರೆ. ಅರ್ಧ ಗಂಟೆ ಕಾಯಬೇಕು. ಇನ್ನೊಂದೇ ಒಂದು ಸಲ ಸಿಗುತ್ತದೆ.


12.35

ಬೇಗ ಬೇಗ ಬರೆಯುತ್ತೇನೆ. ಹಾಲು ಕುಡಿದು ಮಲಗಿದವಳು ಹನ್ನೆರಡೂಕಾಲಿಗೆ ಎದ್ದಳು.

ಮೆಟ್ಟಿಲಿಗೆ ಹೋದೆ. 'ಅತ್ತೆ, ಫೋನ್ ಹಿಡೀರಿ. ಒಂದು ನಿಮಿಷ. ನೀವು ಅವಳನ್ನ ನೋಡೋದೂ ಬೇಡ, ಸ್ಕ್ರೀನ್ ನೋಡಿದ್ರೆ ಸಾಕು.'

'ನನ್ ಕೈ ನಡುಗತ್ತೆ.'

'ನಡುಗಲಿ.'

'ನಾನು ಅವಳನ್ನ ಕರ್ಕೊಂಡು ಹೋಗಬಾರ್ದು ಅಂತ ನೀವು ಮಾಡೋ ವಿಡಿಯೋಗೆ ನಾನೇ ಫೋನ್ ಹಿಡೀಬೇಕಾ?'

'ಹೌದು' ಎಂದೆ. ಏನು ಸುತ್ತಿ ಬಳಸಿ ಹೇಳುವುದು? 'ನನ್ನ ಮಗಳನ್ನ ಯಾರ ಜೊತೆಗೂ ಕಳಿಸಲ್ಲ ಅತ್ತೆ. ಪತ್ರ ಸಿಗದಿದ್ರೂ ಕಳಿಸಲ್ಲ. ಕೆಲಸ ಬಿಟ್ಟು ಕೂರ್ತೀನಿ. ಆದ್ರೆ ನೀವು ಹೋಗೋ ಮೊದಲು ಒಂದು ಸಲ ಅವಳು ತಲೆ ಎತ್ತೋದು ನೋಡ್ಬೇಕು. ಬೋರಲು ಇರೋ ಮಗು ತಾನೇ ತಲೆ ಎತ್ತತ್ತೆ, ಅದನ್ನ ನೀವು ನೋಡ್ಬೇಕು.'

ಬೈಯುತ್ತಾರೆ ಎಂದುಕೊಂಡೆ.

'ನೀವೇ ಹಿಡೀರಿ ಫೋನು' ಎಂದರು. ಕನ್ನಡಕ ತೆಗೆದು ನನ್ನ ಜೇಬಿಗೆ ಹಾಕಿದರು. ಒಳಗೆ ಬಂದರು. ಮ್ಯಾಟಿನ ಎದುರಿಗೆ ಮೊದಲು ಕೂತರು. ಆಮೇಲೆ ಒಂದು ಕೈ ಊರಿದರು. 'ಅಯ್ಯಯ್ಯೋ ನನ್ ಸೊಂಟ' ಎನ್ನುತ್ತಾ ಇನ್ನೊಂದು ಕೈ. ಅರವತ್ತಮೂರು ವರ್ಷದ ಹೆಂಗಸು, ನನ್ನ ಕನ್ನಡಿ ನೆಲದ ಮೇಲೆ ಹೊಟ್ಟೆ ಊರಿ ಉದ್ದಕ್ಕೆ ಮಲಗಿದರು.

'ಎಚ್ಚರ ಇದ್ದಾಳೆ' ಎಂದೆ. ಬೋರಲು ಹಾಕಿದೆ. ಒತ್ತಿದೆ.

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಮಗು ಮೊಣಕೈ ಊರಿ ತಲೆ ಎತ್ತಿ ಅವರನ್ನೇ ನೋಡಿತು. 'ಹ್ಞೂಂ' ಎಂದಿತು. ಅವರು ಕಣ್ಣು ಬಿಟ್ಟರು.

'ಏನೇ' ಎಂದರು. 'ಏನೇ ಕಟ್‌ಪೀಸೂ...'

ಅವರ ಬಾಯಲ್ಲಿ ಆ ಹೆಸರು!

ಆಮೇಲೆ ಇಬ್ಬರೂ ಬಿಡಲಿಲ್ಲ. ಇವರು ಏನೇನೋ ಹೇಳುವುದು, ಅದು ಜೊಲ್ಲು ಸುರಿಸುತ್ತಾ ಕೇಳುವುದು. ಇಪ್ಪತ್ತು. ನಲವತ್ತು. ಐವತ್ತರಲ್ಲಿ ತಲೆ ವಾಲಿತು. ಹೋಯಿತು ಎಂದುಕೊಂಡೆ. 'ಎಲ್ಲಿಗ್ ಹೋಗ್ತೀಯೇ, ಏಳು, ಏಳಮ್ಮ, ಅಜ್ಜಿ ಇಲ್ಲೇ ಇದ್ದೀನಿ' ಎಂದರು. ಎದ್ದಿತು. ಅರವತ್ತು. ಎಪ್ಪತ್ತು. ಸ್ಕ್ರೀನು ಮಂಜು ಮಂಜಾಯಿತು. ಕಣ್ಣು ನನ್ನದೇ. ಒಂದು ನಿಮಿಷ ಹದಿನಾಲ್ಕು ಸೆಕೆಂಡು!

ನನಗೆ ಯಾವತ್ತೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ, ಕಳ್ಳಿ.

ಮಗುವನ್ನು ಅಂಗಾತ ಮಾಡಿ ವಿಡಿಯೋ ಕಳಿಸಿದೆ. ಅತ್ತೆ ಏಳಲಿಲ್ಲ. 'ಇರಲಿ, ಸ್ವಲ್ಪ ಹೊತ್ತು' ಎಂದರು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಲಗಿದ್ದಾರೆ. ನಾನು ಪಕ್ಕದ ಕುರ್ಚಿಯಲ್ಲಿ.


12.50

ಮೇಡಂ ಉತ್ತರ ಬಂತು. 'ನೋಡಿದೆ. ಕತ್ತು ನಿಲ್ತಿದೆ. ಪತ್ರ ಬರೆದು ಕೌಂಟರಿನಲ್ಲಿ ಇಟ್ಟು ಹೋಗ್ತೀನಿ. ಅಜ್ಜಿಗೆ ನನ್ನ ನಮಸ್ಕಾರ.'

ಗಟ್ಟಿಯಾಗಿ ಓದಿದೆ. ಎರಡು ಸಲ.

ಅತ್ತೆ ನೆಲದಿಂದಲೇ, ನನ್ನ ಕಡೆ ತಿರುಗದೆ, 'ಆ ಚಿಕ್ಕ ಬ್ಯಾಗ್ ಖಾಲಿ ಮಾಡಿ. ಬಟ್ಟೆ ಎಲ್ಲ ವಾಪಸ್ ಕಪಾಟಿಗೆ ಇಡಿ. ಮಡಿಕೆ ಕೆಡಿಸ್ಬೇಡಿ.'

ಇಡುತ್ತೇನೆ. ಮೊದಲು ಬರೆದು ಮುಗಿಸುತ್ತೇನೆ. ಇವತ್ತಿನ ಅಳತೆ: 37. 41. 74. ಡ್ರೈವರಮ್ಮನಿಗೂ ವಿಡಿಯೋ ಕಳಿಸಬೇಕು, ಈಗಲ್ಲ, ಬಸ್ಸು ನಿಲ್ಲಿಸಿದ ಮೇಲೆ ನೋಡಲಿ.

'ಅಳಿಯಂದ್ರೇ, ಬರೆದಿದ್ದು ಸಾಕು. ನನ್ನ ಎಬ್ಬಿಸಿ. ಮೊಣಕೈ ಊರಿದ್ರೆ ಜಾರತ್ತೆ, ಎಂಥ ನೆಲ ಹಾಕಿದ್ದೀರ್ರೀ!'

ಮಗು ಅವರ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದೆ. ಬಿಡುತ್ತಿಲ್ಲ. ಇವರನ್ನು ಎತ್ತಬೇಕೆಂದರೆ ಅವಳು ಬಿಡಬೇಕು, ಅವಳನ್ನು ಎತ್ತಬೇಕೆಂದರೆ ಇವರು ತಲೆ ಬಗ್ಗಿಸಬೇಕು. ನನಗಿರುವುದು ಒಂದೇ ಮಂಡಿ. ಯಾರನ್ನು ಮೊದಲು —